ಒಂದು ಮನೆ, ಮೂರು ಮೀಸೆ

ಏಳನೇ ಕ್ಲಾಸಿನ ಒಂದು ಸೋಮವಾರ ಗಣಿತದ ಪಿರಿಯಡ್ಡಿನಲ್ಲಿ, ನೀರು ಕುಡಿದು ಬರ್ತೀನಿ ಅಂತ ಹೇಳಿ ಹದಡಿಯ ಶಾಲೆಯಿಂದ ಎದ್ದುಬಂದವನು ನಾನು. ಇನ್ನೂ ವಾಪಸ್ ಹೋಗಿಲ್ಲ. ಲಾರಿ, ಖಾನಾವಳಿ, ಜಾತ್ರೆ ಅಂಗಡಿ ಎಲ್ಲ ಸುತ್ತಿ, ಹೋದ ವರ್ಷ ದಾವಣಗೆರೆಯ ಒಂದು ಸೆಲೂನಿನಲ್ಲಿ ಕತ್ತರಿ ಹಿಡಿದು ನಿಂತೆ. ನನ್ನ ಆಸ್ತಿ ಅಂದರೆ ಒಂದು ಬ್ಯಾಗು, ಒಂದು ಮೀಸೆ. ಆದರೆ ಎಲ್ಲಿಗೆ ಹೋದರೂ ಮುಂದೆ ಹೇಳುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಶಾಲೆಯನ್ನು ನಾನು ಬಿಟ್ಟೆ, ಮೇಷ್ಟ್ರು ನನ್ನನ್ನು ಬಿಡಲಿಲ್ಲ.

ನಮ್ಮ ಸೆಲೂನಿಗೆ ಬರುವ ಭಾನುವಾರದ ಪೇಪರಿನಲ್ಲಿ ಗೂಢ ಪದಬಂಧ ಇರುತ್ತದೆ. ಅದರ ಸುಳಿವುಗಳು, ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರು 'ಅಡುಗೆ ಆಯ್ತಾ?' ಅಂತ ಕೇಳಿದ ಹಾಗೆ. ಕೇಳುವುದೊಂದು, ಅರ್ಥ ಇನ್ನೊಂದು. ಇದನ್ನು ಬಿಡಿಸಲು ಇಬ್ಬರು ತಪ್ಪದೆ ಬರುತ್ತಿದ್ದರು. ಒಬ್ಬರು ರಿಟೈರಾದ ಕನ್ನಡ ಮೇಷ್ಟ್ರು, ಇನ್ನೊಬ್ಬರು ರಿಟೈರಾದ ಬ್ಯಾಂಕ್ ಮ್ಯಾನೇಜರ್. ಇವರನ್ನು ಎಲ್ಲರೂ ಸಾಹೇಬ್ರು ಅನ್ನುತ್ತಿದ್ದರು. ಇಬ್ಬರಿಗೂ ಪೊಗದಸ್ತಾದ ಮೀಸೆ. ಕಟಿಂಗ್ ಮಾತ್ರ ಇಬ್ಬರೂ ಬೇರೆ ಕಡೆ ಮಾಡಿಸುತ್ತಿದ್ದರು.

೧. ಹೆಣ್ಣು ನೋಡಲು ಹೊರಟವನು

ಒಂದು ಭಾನುವಾರ ಸಾರಥಿ ಊರಿನ ಕಡೆಯ ಗಿರಾಕಿಯೊಬ್ಬ ಬಂದು ಕುಂತ. "ಅಣ್ಣ, ಬೇಗ ಶೇವ್ ಮಾಡು, ಹೆಣ್ಣು ನೋಡಾಕ ಹೊಂಟೀನಿ." ಎಡಗೆನ್ನೆ ಮುಗಿಸಿದ್ದೆ. ಬೆಂಚಿನ ಮೇಲಿದ್ದ ಮೇಷ್ಟ್ರು ಸುಮ್ಮನಿರದೆ ಅವನಿಗೆ ಒಂದು ಸುಳಿವು ಓದಿ ಹೇಳಿದರು. ಅವನು ಬಲಗೆನ್ನೆಯ ನೊರೆಯ ಸಮೇತ ಎದ್ದುಹೋಗಿ ಅವರಿಬ್ಬರ ನಡುವೆ ತೂರಿಕೊಂಡ. ಆಮೇಲೆ ಯಾರು ಕರೆದರೂ ಬರಲಿಲ್ಲ, ನೊರೆ ಒಣಗಿ ಸುಣ್ಣವಾಯಿತು.

ಹೆಣ್ಣಿನ ಅಪ್ಪನ ಫೋನ್ ಬಂತು. "ಎಲ್ಲಿದೀರಪ್ಪಾ? ಉಪ್ಪಿಟ್ಟು ಆರ್ತಾ ಐತೆ."

ಇವನು ಪೇಪರಿನಿಂದ ಕಣ್ಣೆತ್ತದೆ ಹೇಳಿದ: "ಮಾವಾ, ನಾಲ್ಕಕ್ಷರ. ಕೊನೆಗೆ 'ಲು' ಬರ್ತದೆ. ನಿಮ್ಮ ಮಗಳನ್ನ ಒಂಚೂರು ಕೇಳ್ರಿ."

೨. ತೂತು

ಮೇಷ್ಟ್ರದು ಪೆನ್ಸಿಲ್. ಯಾರಿಗೂ ಕಾಣದಷ್ಟು ತೆಳ್ಳಗೆ ಬರೆದು, ಉತ್ತರ ಗೊತ್ತಾದ ಮೇಲೆ "ನಾ ಅದನ್ನೇ ಬರೆದಿದ್ದೆ" ಅನ್ನುವವರು. ಸಾಹೇಬ್ರದು ಪೆನ್ನು. ಬ್ಯಾಂಕಿನಲ್ಲಿ ಜೀವಮಾನವಿಡೀ ಸಹಿ ಹಾಕಿದ ಕೈ, ತಪ್ಪಾಯಿತು ಅಂತ ಒಪ್ಪುವುದಿಲ್ಲ. ತಪ್ಪು ಅಕ್ಷರದ ಮೇಲೆಯೇ ಇನ್ನೊಂದು ಅಕ್ಷರ, ಅದರ ಮೇಲೆ ಮತ್ತೊಂದು. ಒಂದು ದಿನ ತಿದ್ದಿ ತಿದ್ದಿ ಆ ಅಕ್ಷರದ ಮನೆಯೇ ಕಿತ್ತುಬಂದು ಪೇಪರಿನಲ್ಲಿ ತೂತು ಬಿತ್ತು. ಮೇಷ್ಟ್ರು ತೂತಿನೊಳಗೆ ಬೆರಳು ತೂರಿಸಿ, "ಏನ್ ಸಾಹೇಬ್ರೆ, ಇದು?" ಅಂದರು.

ಸಾಹೇಬ್ರು ಪೆನ್ನಿನ ಕ್ಯಾಪ್ ಮುಚ್ಚಿದರು. "ಈಗ ಯಾವ ಅಕ್ಷರ ಆದ್ರೂ ಕೂಡತ್ತೆ. ಮುಂದಿಂದು ಓದ್ರಿ."

೩. ಪಂದ್ಯ

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಇಡೀ ಪದಬಂಧ ತುಂಬಿ, ಒಂದೇ ಒಂದು ಮನೆ ಖಾಲಿ ಉಳಿಯಿತು. ಸುಳಿವು: 'ಇದ್ದರೆ ಘಮ, ಹೋದರೆ ಬರೀ ನೆನಪು.' ಮೂರಕ್ಷರ. ನಡುವೆ 'ವ', ಕೊನೆಗೆ 'ನ'. ಮೊದಲನೆಯದು ಯಾವುದು?

"ಯೌವನ," ಅಂದರು ಸಾಹೇಬ್ರು, ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲು ಸವರಿಕೊಂಡು.

"ಜೀವನ," ಅಂದರು ಮೇಷ್ಟ್ರು. "ನಿಮಗೆ ಆ ವಯಸ್ಸಿನಾಗ ಏನ್ ಘಮ ಇತ್ರೀ? ಬರೀ ಇಂಕಿನ ವಾಸನೆ."

ನಮ್ಮ ಓನರು ದಿನಾ ಬೆಳಿಗ್ಗೆ ಕನ್ನಡಿ ಮೇಲಿನ ದೇವರ ಫೋಟೊಕ್ಕೆ ಸೇವಂತಿಗೆ, ದವನ ಸೇರಿಸಿ ಕಟ್ಟಿದ ಮಾಲೆ ಹಾಕುತ್ತಿದ್ದರು. ಮೇಷ್ಟ್ರು ಅದರಿಂದ ಒಂದು ಎಸಳು ಕಿತ್ತು ಮೂಸುತ್ತ ವೇದಾಂತ ಹೇಳಿದರು. ಸಾಹೇಬ್ರು ಇನ್ನೊಂದು ಕಿತ್ತು ಮೂಸುತ್ತ ಎದುರುತ್ತರ ಕೊಟ್ಟರು. ಕೊನೆಗೆ ಮಾತು ಮೀಸೆಗೆ ಬಂತು. ಮುಂದಿನ ಭಾನುವಾರ ಉತ್ತರ ಅಚ್ಚಾದಾಗ ಯಾರದ್ದು ತಪ್ಪೋ ಅವರ ಮೀಸೆ ಹೋಗಬೇಕು, ಇದೇ ಕುರ್ಚಿಯಲ್ಲಿ, ನನ್ನ ಕೈಯಿಂದ.

ಕೈ ಕೈ ತಟ್ಟಿಕೊಂಡ ಮೇಲೆ ಮೇಷ್ಟ್ರ ಮುಖ ಬಿಳಿಚಿತು. ಉತ್ತರ ಬರುವ ಆ ಭಾನುವಾರವೇ ಸಂಜೆ ಹಳೇ ವಿದ್ಯಾರ್ಥಿಗಳು ಅವರಿಗೆ ಗುರುವಂದನೆ ಇಟ್ಟುಕೊಂಡಿದ್ದರು. ಅದರ ಫ್ಲೆಕ್ಸ್ ಆಗಲೇ ನಮ್ಮ ಸೆಲೂನಿನ ಎದುರು ಕಟ್ಟಿತ್ತು. ಅದರಲ್ಲಿ ಮುಕ್ಕಾಲು ಭಾಗ ಮೀಸೆ, ಉಳಿದದ್ದು ಮೇಷ್ಟ್ರು.

೪. ಹರಿಹರದ ದಾರಿ

ಮೇಷ್ಟ್ರಿಗೆ ನಿದ್ದೆ ಇಲ್ಲ. "ಏನಾದ್ರೂ ಮಾಡಪ್ಪಾ" ಅಂತ ನನ್ನ ಬೆನ್ನು ಬಿದ್ದರು. ಆಗ ನಮ್ಮ ಓನರು ಗುಟ್ಟು ಬಿಚ್ಚಿದರು. ಆ ಪದಬಂಧ ಕಟ್ಟುವ ಪುಣ್ಯಾತ್ಮರು ಹರಿಹರದಲ್ಲೇ ಇದ್ದಾರೆ, ಅವರಿಗೆ ಕಟಿಂಗ್ ಮಾಡುವವನು ಓನರ ಭಾವಮೈದ. ಮಂಗಳವಾರ ಸೆಲೂನಿಗೆ ರಜೆ. ಮೇಷ್ಟ್ರು, ಸಾಹೇಬ್ರು, ನಾನು ಮೂವರೂ ಬಸ್ ಹತ್ತಿದೆವು. ಇಬ್ಬರೂ ಮಾತು ಬಿಟ್ಟಿದ್ದರಿಂದ ನಡುವೆ ನಾನು.

ಆ ಮನುಷ್ಯ ಬನಿಯನ್ನಿನಲ್ಲೇ ಬಂದು ಬಾಗಿಲು ತೆಗೆದರು. ಅವರಿಗೂ ಮೀಸೆ! "ಬರ್ರಿ, ಕೂಡ್ರಿ, ಮಂಡಕ್ಕಿ ತಿನ್ರಿ." ವಿಷಯ ಕೇಳಿ ನಕ್ಕರು, ಕನ್ನಡಕ ಹಾಕಿದರು, ಸುಳಿವು ಓದಿದರು. ನಗು ನಿಂತಿತು. ಇನ್ನೊಂದು ಸಲ ಓದಿದರು. ಚಾ ಆರಿತು.

"ಯಾರ್ರೀ ಇದನ್ನ ಮಾಡಿದ್ದು? ತಲೆಗಿಲೆ ಐತಾ ಅವನಿಗೆ?"

"ನೀವೇ ರೀ!" ಅಂದರು ಮೇಷ್ಟ್ರು.

"ಬೇಸಿಗೇಲಿ ಒಂದು ಕಂತೆ ಮಾಡಿ ಕಳಿಸಿದ್ದು. ಉತ್ತರದ ಹಾಳೆನೂ ಪೇಪರಿನವರ ಹತ್ರನೇ ಐತೆ. ಈಗ ಹೆಂಗೆ ನೆನಪಿರತ್ತೆ?" ಸ್ವಲ್ಪ ಹೊತ್ತು ಗೋಡೆ ನೋಡಿ, ತೊಡೆ ತಟ್ಟಿದರು. "ಕವನ! ನನ್ನ ತಲೆ ನಂಗೆ ಗೊತ್ತಿಲ್ವಾ?"

"ಮೀಸೆ ಪಣಕ್ಕೆ ಇಡ್ತೀರಾ?" ಅಂದರು ಸಾಹೇಬ್ರು.

"ಇಟ್ಟೆ!"

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಬ್ಯಾಡ ಅನ್ನಂಗಿಲ್ಲ. ಮದುವಿ ಆದಾಗಿಂದ ಅದರ ಕೆಳಗ ಏನೈತೆ ಅಂತ ನಾನೂ ನೋಡಿಲ್ಲ!"

೫. ಭಾನುವಾರ

ಹರಿಹರದವರು ಮೊದಲ ಬಸ್ಸಿಗೇ ಬಂದರು. ಪೇಪರು ಬಿಚ್ಚಿ ಮೂರು ತಲೆಗಳು ಒಂದಾದವು. ಉತ್ತರ ಇತ್ತು: ದವನ.

ಮೂವರೂ ನಿಧಾನವಾಗಿ ತಲೆಯೆತ್ತಿ ದೇವರ ಫೋಟೊ ನೋಡಿದರು. ಹೋದ ಭಾನುವಾರ ಇಬ್ಬರೂ ಕಿತ್ತು ಮೂಸಿದ್ದು ಅಲ್ಲೇ ತೂಗುತ್ತಿತ್ತು. "ಎಂಥಾ ಸುಳಿವು ಮಾಡೀನಿ ನೋಡ್ರಿ!" ಅಂತ ಹರಿಹರದವರು ಹೆಮ್ಮೆಯಿಂದ ಹೋಗಿ ಮೊದಲು ಕುರ್ಚಿಯಲ್ಲಿ ಕುಂತರು. ಅವರ ಹಿಂದೆ ಸಾಹೇಬ್ರು, ಕೊನೆಗೆ ಕಣ್ಣು ಮುಚ್ಚಿಕೊಂಡು ಮೇಷ್ಟ್ರು ಕುಂತರು. ಮೂರೂ ಮೀಸೆ ನೆಲಕ್ಕೆ ಬಿದ್ದವು, ನಾನೇ ಗುಡಿಸಿದೆ.

ಸಂಜೆ ಗುರುವಂದನೆಗೆ ನಾನೂ ಹೋದೆ. ಬಾಗಿಲಲ್ಲಿ ನಿಂತಿದ್ದ ಹಳೇ ವಿದ್ಯಾರ್ಥಿ ಮೇಷ್ಟ್ರನ್ನು ತಡೆದ. "ಅಜ್ಜಾರೆ, ಮುಂದಿನ ಸೋಫಾ ಗುರುಗಳಿಗೆ. ನೀವು ಹಿಂದೆ ಕೂಡ್ರಿ." ಮೇಷ್ಟ್ರು ಹಿಂದೆ ಹೋಗಿ, ಆಗಲೇ ಬಂದಿದ್ದ ಸಾಹೇಬ್ರು, ಹರಿಹರದವರ ಪಕ್ಕ ಕುಂತರು. ಮೈಕಿನಲ್ಲಿ "ಗುರುಗಳು ಇನ್ನೇನು ಬರ್ತಾರೆ" ಅಂತ ಕೂಗುತ್ತಲೇ ಇದ್ದರು. ನೋಡಲಾರದೆ ನಾನೇ ಎದ್ದು ಕೂಗಿದೆ: "ಇಲ್ಲೇ ಅದಾರ್ರೀ, ಮೀಸೆ ಇಲ್ಲ ಅಷ್ಟೇ!"

ಇಡೀ ಹಾಲ್ ತಿರುಗಿ ನೋಡಿತು. ಮೇಷ್ಟ್ರ ತೊಡೆಯ ಮೇಲೆ ಹೊಸ ಪದಬಂಧ. ತಲೆ ಎತ್ತದೆ ಕೈ ಮಾತ್ರ ಎತ್ತಿದರು. "ತಡೀರಪ್ಪಾ, ಒಂದೇ ಮನೆ ಬಾಕಿ ಐತೆ."

ಮರುದಿನ ಬೆಳಿಗ್ಗೆ ಮೂವರೂ ಸೆಲೂನಿಗೆ ಬಂದರು. ಆ ಒಂದು ಮನೆಗೆ ಮೂರು ಉತ್ತರ, ಮತ್ತೆ ಪಂದ್ಯ.

"ಕಟ್ಟಾಕ ಮೀಸೆ ಎಲ್ಲೈತ್ರೀ?" ಅಂದರು ಸಾಹೇಬ್ರು. "ನಮ್ಮವು ಬೆಳಿಯಾಕ ಟೈಮ್ ಬೇಕು."

ಒಬ್ಬೊಬ್ಬರೂ ತಮ್ಮ ಬೋಳು ತುಟಿ ಮುಟ್ಟಿ ನೋಡಿಕೊಂಡರು. ಆಮೇಲೆ ಮೂವರೂ ಒಟ್ಟಿಗೆ ನನ್ನ ಮೂಗಿನ ಕೆಳಗೆ ನೋಡಿದರು.

"ಒಂದ್ನಿಮಿಷ, ನೀರು ಕುಡಿದು ಬರ್ತೀನಿ," ಅಂತ ಒಳಗೆ ಹೋಗಿ ಬ್ಯಾಗು ತುಂಬತೊಡಗಿದೆ.