ಮೂವತ್ನಾಲ್ಕು ಇಂಚಿನ ಸೊಂಟ

"ನನ್ನ ಮದುವೆ ಪ್ಯಾಂಟು ನನ್ನ ಸೊಂಟಕ್ಕೆ ಕೂರ್ತಾ ಇರೋವಷ್ಟು ದಿನ ನಾನು ಹೆಲ್ತ್ ಕ್ಲಬ್ಬಿನ ಮೆಟ್ಟಿಲು ತುಳಿಯೋನಲ್ಲ!"

ಟೇಪಣ್ಣ ಹೀಗೆ ಘೋಷಿಸಿದಾಗ ಅಂಗಡಿಯ ಎರಡೂ ಹೊಲಿಗೆ ಯಂತ್ರಗಳು ಗಕ್ಕನೆ ನಿಂತವು. ಒಂದು ಅವನದು, ಇನ್ನೊಂದು ಅವನ ಹೆಂಡತಿಯದು. ಎದುರು ಕಟ್ಟಡದಲ್ಲಿ ಹೆಲ್ತ್ ಕ್ಲಬ್ ತೆರೆದು ಮೂರು ತಿಂಗಳಾಗಿತ್ತು. ಆ ಮೂರು ತಿಂಗಳೂ ಹೆಂಡತಿಯದು ಒಂದೇ ರಾಗ: "ಸೇರ್ಕೊಳ್ಳಿ ರೀ. ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರಿ."

ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದರಿಂದ ಬೀದಿಯವರು ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಬೀದಿಯ ಹೊಟ್ಟೆಗಳನ್ನೆಲ್ಲ ಅಳೆದ ಆ ಟೇಪು ಅವನ ಹೊಟ್ಟೆಯನ್ನು ಮಾತ್ರ ಒಮ್ಮೆಯೂ ಸುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ! ಅಳತೆ ಪುಸ್ತಕದ ಮೊದಲ ಪುಟದಲ್ಲಿ ಅವನ ಸೊಂಟ ಮೂವತ್ನಾಲ್ಕು ಎಂದಿತ್ತು. ಬರೆದಾಗಿದೆ, ಮತ್ತೇಕೆ ಅಳೆಯಬೇಕು? ದಿನವೂ ತೊಡುವುದು ಎಲಾಸ್ಟಿಕ್ ಪೈಜಾಮ. ಎಲಾಸ್ಟಿಕ್ ಯಾರ ಗುಟ್ಟನ್ನೂ ಹೊರಗೆ ಬಿಡುವ ಜಾತಿಯಲ್ಲ.

ಸಾಕ್ಷಿಗೆ ಇದ್ದದ್ದು ಮದುವೆಗೆಂದು ತಾನೇ ಹೊಲಿದುಕೊಂಡ ಕಂದು ಪ್ಯಾಂಟು. ವರ್ಷಕ್ಕೊಮ್ಮೆ, ಮದುವೆಯ ದಿನ, ಅದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಹಿಂದಿನ ದಿನ ಹೆಂಡತಿ ಇಸ್ತ್ರಿ ಮಾಡಿಡುತ್ತಿದ್ದಳು. ಬೆಳಿಗ್ಗೆ ಹುಕ್ಕು ಲಟಕ್ಕನೆ ಕೂರುತ್ತಿತ್ತು. ಟೇಪಣ್ಣ ಕಾಲು ಗಂಟೆ ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಇದು ನಡೆದುಬಂದಿತ್ತು.

ಅಂದು ಟ್ರ್ಯಾಕ್ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಕ್ಲಬ್ಬಿನ ಕೋಚ್ ಈ ಘೋಷಣೆ ಕೇಳಿಸಿಕೊಂಡ.

"ಹಾಗಿದ್ರೆ ಈಗಲೇ ಹಾಕ್ಕೊಂಡು ಬನ್ನಿ ಸಾರ್. ಪ್ಯಾಂಟು ಆದ್ರೆ ನಿಮ್ಮ ಫೋಟೋ ನಮ್ಮ ಗೋಡೆ ಮೇಲೆ. ಆಗದಿದ್ರೆ ನೀವು ನಮ್ಮ ಮೆಂಬರ್!"

ಪಕ್ಕದಂಗಡಿಯ ಕ್ಷೌರಿಕ ಬಾಗಿಲಲ್ಲೇ ನಿಂತಿದ್ದ. ಸಾಕ್ಷಿ ಸಮೇತ ಸವಾಲು! ಮೆಟ್ಟಿಲು ತುಳಿಯೋನಲ್ಲ ಎಂದವನು ಒಪ್ಪಿಯೇಬಿಟ್ಟ. ಮೆಂಬರಾಗಿ ಅಲ್ಲ, ಮಾದರಿಯಾಗಿ ತುಳಿಯುವುದಕ್ಕೆ ಅಡ್ಡಿಯೇನು?

ಹೆಂಡತಿ ಗಾಬರಿಯಾಗಿ ಎದ್ದಳು. "ತಡೀರಿ, ಇಸ್ತ್ರಿ ಮಾಡಿ ಕೊಡ್ತೀನಿ!"

"ಬೇಡ ಕಣೇ."

"ಅರ್ಧ ಗಂಟೆ ಸಾಕು ರೀ!"

"ಸುಕ್ಕು ಪ್ಯಾಂಟಿಗಿರಬಹುದು, ನನಗಿಲ್ಲ!" ಎಂದು ಟೇಪಣ್ಣ ಒಳಕೋಣೆಗೆ ನುಗ್ಗಿದ.

ಹುಕ್ಕು ಮೊದಲ ಸಲ ಕೂರಲಿಲ್ಲ. ಎರಡನೆಯ ಸಲವೂ ಇಲ್ಲ. ಪೆಟ್ಟಿಗೆಯ ತೇವಕ್ಕೆ ಬಟ್ಟೆ ಕುಗ್ಗಿರಬೇಕು ಎಂದುಕೊಂಡ. ಗಿರಾಕಿಗಳು ಇದೇ ಮಾತು ಹೇಳಿದರೆ, "ಬಟ್ಟೆ ಕುಗ್ಗಿಲ್ಲ ಸಾರ್, ನೀವು ಹಿಗ್ಗಿದ್ದೀರಿ" ಎನ್ನುವ ಮಹಾಶಯ ಇವನೇ! ಉಸಿರು ಬಿಗಿಹಿಡಿದು ಮೂರನೆಯ ಸಲ ಎಳೆದ. ಕೂತಿತು.

ಆ ಉಸಿರನ್ನು ಬಿಡದೆಯೇ ರಸ್ತೆ ದಾಟಿದ. ಹಿಂದೆಯೇ ಹೆಗಲ ಮೇಲೆ ಬಿಳಿ ಬಟ್ಟೆ ಹಾಕಿಕೊಂಡು ಕ್ಷೌರಿಕ ಬಂದ. ಕ್ಲಬ್ಬಿನಲ್ಲಿ ಓಡುತ್ತಿದ್ದವರು, ಭಾರ ಎತ್ತುತ್ತಿದ್ದವರು ಎಲ್ಲ ಸುತ್ತ ನೆರೆದು ಚಪ್ಪಾಳೆ ತಟ್ಟಿದರು. ಟೇಪಣ್ಣನ ಎದೆ ಉಬ್ಬಿತು. ಹೊಟ್ಟೆ ಉಬ್ಬದಂತೆ ನೋಡಿಕೊಂಡ.

"ಸೂಪರ್ ಸಾರ್! ಒಂದೇ ಒಂದು ಕೆಲಸ. ಆ ಚಿಕ್ಕ ಡಂಬೆಲ್ ಎತ್ಕೊಳ್ಳಿ, ಫೋಟೋ ಚೆನ್ನಾಗಿ ಬರುತ್ತೆ."

ಡಂಬೆಲ್ ನೆಲದ ಮೇಲಿತ್ತು. ಟೇಪಣ್ಣ ಬಗ್ಗಿದ.

ಪರ್‌ರ್‌ರ್!

ಕ್ಲಬ್ಬಿನಲ್ಲಿ ಮೊಳಗುತ್ತಿದ್ದ ಹಾಡನ್ನು ಯಾರೋ ನಿಲ್ಲಿಸಿದರು. ಕ್ಷೌರಿಕ ಪುಣ್ಯಾತ್ಮ, ಹೆಗಲ ಬಟ್ಟೆಯನ್ನು ಅವನ ಸೊಂಟಕ್ಕೆ ಸುತ್ತಿದ. ಹೋಗುವಾಗ ವೀರನಂತೆ ಹೋದವನು, ಬರುವಾಗ ಯಾರ್‍ಯಾರದೋ ತಲೆಗೂದಲನ್ನು ಉದುರಿಸುತ್ತ ಬಂದ.

"ನೂಲು ಹಳೇದಾಗಿತ್ತು, ಅಷ್ಟೇ" ಎಂದು ಗೊಣಗುತ್ತ ಪೈಜಾಮ ತೊಟ್ಟು, ಪ್ಯಾಂಟಿನ ಒಳಮಗ್ಗುಲು ತಿರುಗಿಸಿ ನೋಡಿದ. ಹೊಲಿಗೆ ಬಟ್ಟೆಯ ಕಟ್ಟಕಡೆಯ ಅಂಚಿನಲ್ಲಿತ್ತು. ಅದರ ಪಕ್ಕದಲ್ಲಿ ಬಿಚ್ಚಿದ ಹೊಲಿಗೆಗಳ ಸೂಜಿತೂತಿನ ಸಾಲುಗಳು. ಎಣಿಸಿದ. ಏಳು! ಹೊಲಿಗೆಯ ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸಿ ಬಿಗಿ ಮಾಡಿದ ಕೈ ಯಾರದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಹೆಂಡತಿಗೆ ಕಲಿಸಿದವನೇ ಅವನು.

"ಏಳು ಸಲ ಬಿಚ್ಚಿ ಹೊಲ್ದಿದ್ದೀಯಾ?"

"ಹೂಂ. ಏಳು ವರ್ಷದಿಂದ, ಸಲಕ್ಕೆ ಅರ್ಧರ್ಧ ಇಂಚು."

"ಮತ್ತೆ ಇಸ್ತ್ರಿ ಅಂತಿದ್ದೆ?"

"ಇಸ್ತ್ರಿನೂ ಮಾಡ್ತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತೇನೇ?"

ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದಳು: "ಕನ್ನಡಿ ಮುಂದೆ ಎಷ್ಟು ಖುಷಿಯಾಗಿ ನಿಂತಿರ್ತಿದ್ರಿ! ಆ ಮುಖ ನೋಡೋಕೆ ನನಗೂ ಇಷ್ಟ ಆಗ್ತಿತ್ತು."

ಟೇಪಣ್ಣನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಪ್ರೀತಿಯ ಬೆನ್ನಿಗೇ ಹಳೆಯ ಜಂಬವೂ ಎದ್ದು ಕೂತಿತು.

"ಹಾಗಾದ್ರೆ ಇನ್ನೊಂದು ಅರ್ಧ ಇಂಚು ಬಿಚ್ಚಿ ಹೊಲಿದುಬಿಡು. ಕ್ಲಬ್ಬು ಗಿಬ್ಬು ಎಲ್ಲ ಯಾಕೆ?"

"ಒಳಗಿನ ಬಟ್ಟೆ ಪೂರ್ತಿ ಮುಗೀತು ರೀ," ಎಂದಳು ಹೆಂಡತಿ. "ಇನ್ಮೇಲೆ ಆಲ್ಟರ್ ಮಾಡೋದಿದ್ರೆ ನಿಮ್ಮನ್ನೇ!"