ಕ್ಲೆಮ್ ಹ್ಯಾನಿಗನ್‌ನ ಕೋಟು

ಶನಿವಾರ ಬೆಳಿಗ್ಗೆ ಕ್ಲೆಮ್ ಹ್ಯಾನಿಗನ್‌ನ ಕೋಟು ಗೂಟದಲ್ಲಿರಲಿಲ್ಲ. ರಗಳೆ ಶುರುವಾದದ್ದೇ ಅಲ್ಲಿಂದ.

"ಡಲ್ಸೀ, ನನ್ನ ಕೋಟೆಲ್ಲೇ?"

"ದರ್ಜಿ ಹತ್ರ ಇದೆ. ತೋಳು ಉದ್ದ ಆಗಿತ್ತು," ಎಂದಳು ಹೆಂಡತಿ, ಮಾಂಸದ ಪೈಗೆ ಹಿಟ್ಟು ನಾದುತ್ತಾ.

"ಆರು ವರ್ಷದಿಂದ ಇಲ್ಲದ ಉದ್ದ ಇವತ್ತು ಬಂತಾ?"

ಡಲ್ಸಿ ಹಿಟ್ಟಿಗೆ ಇನ್ನೊಂದು ಗುದ್ದು ಕೊಟ್ಟಳು.

ಕುರಾಂಬಿ ಊರಿನ ಫುಟ್‌ಬಾಲ್ ತಂಡಕ್ಕೆ ಕ್ಲೆಮ್ ಇಪ್ಪತ್ತು ವರ್ಷ ಆಡಿದ್ದ. ಆ ಸೀಮೆಯ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲೂ ಹಿಡಿಯುವ ಆಟ; ಮೈದಾನದಲ್ಲಿ ತಂಡಕ್ಕೆ ಹದಿನೆಂಟೇ ಜನ, ಒಂದು ಗೋಲಿಗೆ ಆರು ಅಂಕ. ಮಂಡಿಗಳೆರಡೂ ಕೈಕೊಟ್ಟ ಮೇಲೆ ಕೋಚ್ ಆದ. ಆ ಕೋಟು ತೊಟ್ಟು, ಗೆರೆಯಾಚೆ ನಿಂತು, ಓಡುವವರನ್ನು ಬೈಯುವಾಗ ಅವನಿಗೆ ಸ್ವರ್ಗ ಮೂರೇ ಗೇಣು. ತಂಡ ಮಾತ್ರ ಹೋದ ವರ್ಷದಿಂದ ಒಂದೂ ಪಂದ್ಯ ಗೆದ್ದಿರಲಿಲ್ಲ. ಇವತ್ತೂ ಸೋತರೆ ಬೇರೆ ಕೋಚ್ ಎಂದು ಕಮಿಟಿ ಕಡ್ಡಿ ಮುರಿದಂತೆ ಹೇಳಿತ್ತು.

ಆ ಸೀಮೆಗೆ ಜುಲೈ ಅಂದರೆ ನಡು ಚಳಿಗಾಲ ಬೇರೆ. ಕ್ಲೆಮ್ ಪೆಟ್ಟಿಗೆಯ ತಳದಿಂದ ತನ್ನ ಹಳೆಯ ಆಟದ ಅಂಗಿ, ಹದಿನೇಳನೇ ನಂಬರಿನದು, ಎಳೆದು ಹೊಟ್ಟೆಯ ಮೇಲೆ ಹೇಗೋ ಇಳಿಸಿದ.

ಬೀದಿಗಿಳಿದದ್ದೇ ತಡ, ಕಸಾಯಿ ಅಂಗಡಿಯಿಂದ ಕೂಗು: "ಶಹಬ್ಬಾಸ್! ಮತ್ತೆ ಆಡ್ತೀಯೇನೋ?"

ಮೈದಾನದ ಗೇಟಿನಲ್ಲಿ ತಂಡದ ಕಾರ್ಯದರ್ಶಿ ಬಾರ್ನಿ ಆಟಗಾರರ ಪಟ್ಟಿ ಹಿಡಿದು ನಿಂತಿದ್ದ. "ಬಾಯಿ ಬಿಟ್ಟು ಹೇಳಬಾರದಾ ಮಾರಾಯ? ಹೆಸರು ಸೇರಿಸ್ದೆ."

"ಲೋ, ಚಳಿಗೆ ಹಾಕ್ಕೊಂಡಿದ್ದು ಕಣೋ!"

"ಗೊತ್ತು, ಗೊತ್ತು. ಗುಟ್ಟಾಗಿರಲಿ ಅಂತ ತಾನೇ?" ಬಾರ್ನಿ ಕಣ್ಣು ಮಿಟುಕಿಸಿ, ಪಟ್ಟಿಯನ್ನು ಅಂಪೈರ್ ಕೈಗೆ ಕೊಟ್ಟೇಬಿಟ್ಟ.

ಎದುರಾಳಿ ಮಿಂಡಿಗಲ್ ತಂಡ. ಆಟ ಶುರುವಾದ ಕೂಡಲೇ ಮೈದಾನದ ಬದಿಯಲ್ಲಿ ಅವಳು ಇಟ್ಟಿದ್ದ ಪೈ ಅಂಗಡಿಯಿಂದ ಡಲ್ಸಿಯ ಗಂಟಲು ಕೇಳಿಸಿತು: "ಗಾಳಿ ಆ ಕಡೆ ಬೀಸ್ತಿದೆ, ಎಡಕ್ಕೆ ಒದೀರೋ!" ಎಡಕ್ಕೆ ಒದ್ದರು. ಗೋಲ್!

"ನೀನು ಪೈ ನೋಡ್ಕೋ!" ಎಂದು ಕ್ಲೆಮ್ ರೇಗಿದ. ಹುಡುಗರು ಮಾತ್ರ ಆಮೇಲೆ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಯ ನಿಮಿಷ. ಕುರಾಂಬಿ ಎಂಬತ್ತೈದು, ಮಿಂಡಿಗಲ್ ಎಂಬತ್ತೇಳು. ಕ್ಲೆಮ್‌ಗೆ ತಡೆಯಲಾಗಲಿಲ್ಲ. ಕೂಗುತ್ತಾ, ಕುಂಟುತ್ತಾ ಮೈದಾನದೊಳಗೇ ನುಗ್ಗಿದ. ಅಷ್ಟರಲ್ಲಿ ಚೆಂಡು ಮೇಲಿಂದ ನೇರ ಅವನೆದೆಗೇ ಬಂದು ಬಿತ್ತು. ಇಪ್ಪತ್ತು ವರ್ಷದ ಅಭ್ಯಾಸ ಬುದ್ಧಿಯನ್ನು ಕೇಳಿ ಕೆಲಸ ಮಾಡುತ್ತದೆಯೇ? ಹಿಡಿದ, ಒದ್ದ. ಎತ್ತರದ ಎರಡು ಕಂಬಗಳ ನಟ್ಟನಡುವೆ ಹೋಯಿತು. ಆರು ಅಂಕ! ಮೈದಾನದ ಸುತ್ತ ನಿಂತಿದ್ದ ಕಾರುಗಳೆಲ್ಲ ಒಟ್ಟಿಗೇ ಹಾರ್ನ್ ಹೊಡೆದವು. ಕ್ಲೆಮ್‌ಗೆ ಸಂತೋಷದಲ್ಲಿ ಕಣ್ಣೀರೇ ಬಂತು.

"ಅಂಪೈರ್, ತಲೆ ಎಣಿಸಿ!" ಎಂದು ಅರಚಿದ ಮಿಂಡಿಗಲ್ ನಾಯಕ.

ಕುರಾಂಬಿಯವರನ್ನು ಸಾಲಾಗಿ ನಿಲ್ಲಿಸಿದರು. "ಹದಿನೇಳು, ಹದಿನೆಂಟು..." ಅಂಪೈರ್ ಬೆರಳು ಕ್ಲೆಮ್ ಎದೆಗೆ ಬಂದು ನಿಂತಿತು. "ಹತ್ತೊಂಬತ್ತು."

"ನಾನು ಕೋಚು ಸ್ವಾಮಿ!"

"ಪಟ್ಟಿಯಲ್ಲಿ ಹೆಸರಿದೆ, ಮೈಮೇಲೆ ಅಂಗಿ ಇದೆ, ಈಗ ತಾನೇ ಗೋಲ್ ಹೊಡೆದ್ರಿ. ಪಾದ್ರಿ ಅಂತ ಬರ್ಕೊಳ್ಲಾ?"

ನಿಯಮ ನಿಯಮವೇ. ಮೈದಾನದಲ್ಲಿ ಒಂದು ತಲೆ ಹೆಚ್ಚಾದರೆ ಅಲ್ಲಿಯವರೆಗಿನ ಅಂಕವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಹಲಗೆಯ ಮೇಲಿನ ತೊಂಬತ್ತೊಂದು ಸೊನ್ನೆಯಾಯಿತು. ಊರಿಗೆ ಊರೇ ಹೊಟ್ಟೆ ಹಿಡಿದು ನಕ್ಕಿತು. ಸೋತದ್ದೇ ಮರೆತು ಕ್ಲೆಮ್‌ನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು.

ಕಮಿಟಿ ಐದೇ ನಿಮಿಷ ಕೂತು ಎದ್ದಿತು. ಬಾರ್ನಿ ಹೊರಗೆ ಬಂದ. "ಕ್ಲೆಮ್, ಕೋಚ್ ಕೆಲಸ ಹೋಯ್ತು ಕಣೋ. ಆದ್ರೆ ಅಂಥಾ ಗೋಲ್ ಈ ವರ್ಷ ನಮ್ಮೋರು ಯಾರೂ ಹೊಡೆದಿಲ್ಲ. ಮುಂದಿನ ಶನಿವಾರದಿಂದ ನೀನು ಆಡ್ತೀಯ."

"ಅಯ್ಯಯ್ಯೋ, ನನ್ನ ಮಂಡಿ!"

"ಅದನ್ನ ಹೊಸ ಕೋಚ್ ಹತ್ರ ಹೇಳ್ಕೋ."

ಕಮಿಟಿ ಕೋಣೆಯ ಬಾಗಿಲು ಮತ್ತೆ ತೆರೆಯಿತು. ಬಂದವಳು ಡಲ್ಸಿ. ಮೈಮೇಲೆ ಅವನದೇ ಕೋಟು. ತೋಳು ಸರಿಯಾಗಿ ಅವಳ ಮಣಿಕಟ್ಟಿಗೆ ನಿಂತಿತ್ತು.

"ಬುಧವಾರವೇ ಅಳತೆ ಕೊಟ್ಟಿದ್ದೆ," ಎಂದಳು. "ಗೆಲ್ಲಲ್ಲ ಅಂತ ಗೊತ್ತಿತ್ತು. ಇಷ್ಟು ಚೆನ್ನಾಗಿ ಸೋಲ್ತೀಯ ಅಂತ ಗೊತ್ತಿರ್ಲಿಲ್ಲ. ನಡಿ, ಮೈದಾನ ಹತ್ತು ಸುತ್ತು."

"ಕೋಟಾದ್ರೂ ಕೊಡೇ, ಚಳಿ!"

"ಓಡು, ಬೆಚ್ಚಗಾಗತ್ತೆ."