ಕೈಬೀಸಿದರಷ್ಟೇ ಉರಿಯುವ ಮೆಟ್ಟಿಲ ದೀಪದವರ ಸನ್ನಿಧಿಗೆ

ಮಾನ್ಯರೇ,

ಎರಡನೇ ಮತ್ತು ಮೂರನೇ ಮಹಡಿಯ ನಡುವಿನ ತಿರುವಿನಲ್ಲಿ ಸೂರಿಗೆ ಅಂಟಿಕೊಂಡು, ಹೋದ ತಿಂಗಳಿನಿಂದ ಒಂದೇ ಬಿಳಿ ಕಣ್ಣಿನಲ್ಲಿ ನಮ್ಮೆಲ್ಲರ ಯೋಗಕ್ಷೇಮ ನೋಡಿಕೊಳ್ಳುತ್ತಿರುವ ತಮಗೆ, ತಮ್ಮ ಕೆಳಗೆ, ಎರಡನೇ ಮಹಡಿಯಿಂದ ಎಣಿಸಿದರೆ ಐದನೇ ಮೆಟ್ಟಿಲಿನ ಹಳೆಯ ಒಕ್ಕಲಾದ ನಾನು ಮಾಡುವ ಅನಂತ ನಮಸ್ಕಾರಗಳು. ನಮಸ್ಕಾರವನ್ನು ಎರಡೂ ಕೈಯಲ್ಲಿ ಮಾಡಿದ್ದೇನೆ. ಒಂದು ಕೈ ಗೌರವಕ್ಕೆ, ಇನ್ನೊಂದು ತಾವು ಆರದಿರಲಿ ಎಂಬುದಕ್ಕೆ. ತಾವು ಕ್ಷೇಮವೆಂದು ಭಾವಿಸುತ್ತೇನೆ. ಮೂವತ್ತು ಸೆಕೆಂಡು ದುಡಿದು ಕಣ್ಣು ಮುಚ್ಚುವವರಿಗೆ ಅನಾರೋಗ್ಯ ಬರುವುದಾದರೂ ಯಾವ ದಾರಿಯಿಂದ?

ನನ್ನ ಪರಿಚಯ ತಮಗಿಲ್ಲವೆಂಬುದು ತಮ್ಮ ನಡವಳಿಕೆಯಿಂದಲೇ ತಿಳಿಯುತ್ತದೆ, ಆದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಈ ಕಟ್ಟಡದವರೆಲ್ಲ ನನ್ನನ್ನು ಚಿಕ್ಕಪ್ಪ ಎನ್ನುತ್ತಾರೆ. ಮೊದಲನೇ ಮಹಡಿಯಲ್ಲಿರುವ ನನ್ನ ಅಣ್ಣನ ಮಗಳು ಹಾಗೆ ಕರೆದಳು, ಖರ್ಚಿಲ್ಲದ ನಂಟಸ್ತಿಕೆಯೆಂದು ಮಿಕ್ಕವರು ಹಿಂಬಾಲಿಸಿದರು. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ, ಆದರೆ ಒಂದೇ ಬಳಪದಲ್ಲಿ ಎರಡು ತರಗತಿ ದಾಟಿದ ದಾಖಲೆ ಇವತ್ತಿಗೂ ಆ ಶಾಲೆಯಲ್ಲಿ ನನ್ನದೇ. ನಮ್ಮ ಮೇಷ್ಟ್ರು ಅದನ್ನು ನೋಡಿ, "ಇವನು ಮುಂದೆ ದೊಡ್ಡ ಮನುಷ್ಯ ಆಗ್ತಾನೆ, ಇಲ್ಲಾಂದ್ರೆ ಯಾರನ್ನೂ ಆಗೋಕೆ ಬಿಡಲ್ಲ" ಎಂದಿದ್ದರು. ಅವರ ಮಾತಿನ ಮೊದಲ ಅರ್ಧ ನಿಜವಾಗಿದೆಯೆಂದು ನನ್ನ ನಂಬಿಕೆ. ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡುವವನು ನಾನು. ಸವೆದ ಸೋಪಿನ ಚೂರುಗಳನ್ನೆಲ್ಲ ಒತ್ತಿ ಐದು ಬಣ್ಣದ ಹೊಸ ಸೋಪು ಮಾಡುವವನು ನಾನು. ಮುಗಿಯಿತೆಂದು ಮನೆಯವರು ಎಸೆದ ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಇನ್ನೂ ಒಂಬತ್ತು ದಿನ ಹಲ್ಲುಜ್ಜಿದವನು ನಾನು. ಹತ್ತನೆಯ ದಿನವೂ ಉಜ್ಜುತ್ತಿದ್ದೆ, ಮನೆಯವಳು ಕತ್ತರಿ ಬಚ್ಚಿಟ್ಟಳು.

ಆದರೆ ನನ್ನ ಜೀವಮಾನದ ಸಾಧನೆ ಬೇರೆಯೇ ಇದೆ, ಅದು ನಡೆದದ್ದು ತಮ್ಮ ಪೀಠದ ಕೆಳಗೇ. ತಮಗಿಂತ ಮುಂಚೆ ಆ ಜಾಗದಲ್ಲಿ ಒಂದು ಟ್ಯೂಬ್‌ಲೈಟ್ ಇತ್ತು. ಪಾಪ, ಅದಕ್ಕೆ ತಮ್ಮಷ್ಟು ಬುದ್ಧಿ ಇರಲಿಲ್ಲ. ಸಂಜೆ ಹಾಕಿದರೆ ಕಾವಲುಗಾರ ಬಂದು ಆರಿಸುವವರೆಗೆ, ಕೆಳಗೆ ಯಾರಿದ್ದಾರೆ ಯಾರಿಲ್ಲ ಎಂದು ವಿಚಾರಿಸದೆ, ಗುಂಯ್ ಎನ್ನುತ್ತಾ ಉರಿಯುತ್ತಿತ್ತು. ಅದರ ಖರ್ಚು ಇಡೀ ಕಟ್ಟಡದ್ದು. ಎಲ್ಲರ ಕಾಸಿನ ಬೆಳಕು ಹೀಗೆ ಖಾಲಿ ಮೆಟ್ಟಿಲ ಮೇಲೆ ಸುರಿದುಹೋಗುತ್ತಿರುವಾಗ ಒಳಗೆ ಕೂತು ಸ್ವಂತ ಕಾಸಿನ ಬೆಳಕು ಉರಿಸುವುದೆಂದರೆ ಹೊಳೆದಂಡೆಯಲ್ಲಿ ಕೂತು ನೀರು ಕೊಂಡು ಕುಡಿದಂತೆ ಎಂದು ಹನ್ನೊಂದು ವರ್ಷದ ಹಿಂದೆ ನನಗೆ ಹೊಳೆಯಿತು. ಅಂದಿನಿಂದ ದಿನಾ ಸಂಜೆ ಆರೂವರೆಗೆ ಮನೆಯ ದೀಪಗಳನ್ನೆಲ್ಲ ಆರಿಸಿ, ಬಾಗಿಲು ಎಳೆದುಕೊಂಡು, ಮೂರನೇ ಮಹಡಿಯ ನಿವೃತ್ತ ನರ್ಸಮ್ಮನವರು ಓದಿ ಮುಗಿಸಿದ ನಿನ್ನೆಯ ಪತ್ರಿಕೆ ಹಿಡಿದು ನಾನು ಐದನೇ ಮೆಟ್ಟಿಲಲ್ಲಿ ಕೂರುವುದು, ಎದುರು ಕಟ್ಟಡದ ದರ್ಜಿಯವರು ಕೊಟ್ಟ ಅಂಗಿಗಳ ಚೀಲ ಮತ್ತು ಗುಂಡಿಗಳ ಡಬ್ಬಿ ಹಿಡಿದು ಮನೆಯವಳು ನಾಲ್ಕನೆಯದರಲ್ಲಿ ಕೂರುವುದು. ಅವಳು ಗುಂಡಿ ಹೊಲಿಯುತ್ತಾಳೆ, ಅಂಚು ಮಡಿಸುತ್ತಾಳೆ. ನಾನು ಜಗತ್ತಿನ ಆಗುಹೋಗುಗಳನ್ನು ಗಟ್ಟಿಯಾಗಿ ಓದಿ, ತಪ್ಪಿದ್ದಲ್ಲಿ ತಿದ್ದುತ್ತೇನೆ. ಎಂಟೂವರೆಗೆ ಇಬ್ಬರೂ ಒಳಗೆ. ಹನ್ನೊಂದು ವರ್ಷದಲ್ಲಿ ಇದು ತಪ್ಪಿದ್ದು ನನಗೆ ಕಾಮಾಲೆ ಬಂದಾಗ ಮಾತ್ರ, ಆಗಲೂ ಪತ್ರಿಕೆ ಒಳಗೆ ತರಿಸಿಕೊಂಡೆನೇ ಹೊರತು ದೀಪ ಹಾಕಿಸಲಿಲ್ಲ.

ಇಂಥ ಸಂಸಾರದ ನೆತ್ತಿಯ ಮೇಲೆ ತಾವು ದಯಮಾಡಿಸಿದಿರಿ. ತಮ್ಮನ್ನು ಕರೆತಂದವರು ನಮ್ಮ ಸಂಘದ ಕಾರ್ಯದರ್ಶಿಗಳು, ಔಷಧಿ ಅಂಗಡಿಯವರು. ಜನ ಅಲುಗಾಡಿದರೆ ಮಾತ್ರ ಉರಿದು, ಮೂವತ್ತು ಸೆಕೆಂಡು ಅಲುಗಾಟ ಕಾಣದಿದ್ದರೆ ತಾನೇ ಆರುವ ದೀಪ, ಕಟ್ಟಡಕ್ಕೆ ಭಾರೀ ಉಳಿತಾಯ ಎಂದು ಅವರು ಸೂಚನಾ ಪತ್ರ ಅಂಟಿಸಿದರು. ಒಬ್ಬ ಮಿತವ್ಯಯಿಯಾಗಿ ನಾನು ತಲೆಬಾಗಿದೆ. ನಾನು ಚಾಪೆ ಕೆಳಗೆ ತೂರುವವನಾದರೆ ಅವರು ರಂಗೋಲಿ ಕೆಳಗೆ ತೂರುವವರು, ಇದನ್ನು ಒಪ್ಪಬೇಕಾದ್ದೇ. ಆ ಸೂಚನಾ ಪತ್ರದ ಹಿಂಬದಿ ಖಾಲಿ ಇತ್ತು. ಈಗ ತಾವು ಓದುತ್ತಿರುವುದು ಅದನ್ನೇ.

ಇನ್ನು ವಿಷಯಕ್ಕೆ ಬರುತ್ತೇನೆ. ಮೊದಲ ಹತ್ತು ದಿನ ತಾವು ನಮ್ಮ ಮೇಲೆ ತೋರಿದ ಕೃಪೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಎಲ್ಲ ಮಹಡಿಯಲ್ಲೂ ತಮ್ಮ ಬಂಧುಗಳು ಜನ ಬೀಗದ ಕೈ ಹುಡುಕುವಷ್ಟರಲ್ಲಿ ಆರಿ ಬೈಸಿಕೊಳ್ಳುತ್ತಿದ್ದರೆ, ತಾವು ಮಾತ್ರ ಆರೂವರೆಯಿಂದ ಎಂಟೂವರೆಯವರೆಗೆ ಒಮ್ಮೆಯೂ ರೆಪ್ಪೆ ಬಡಿಯಲಿಲ್ಲ. ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಸಂಘದ ಸಭೆ ಸೇರಿದಾಗ ಎಲ್ಲರೂ ತಮ್ಮ ಕುಲವನ್ನೇ ದೂರುತ್ತಿದ್ದರು. ನಾನೊಬ್ಬನೇ ಎದ್ದು ನಿಂತು ತಮ್ಮ ಪರ ವಹಿಸಿದೆ. "ನಾನು ಕೂತ ಕಡೆ ಅದು ಆರಲ್ಲ ಸ್ವಾಮಿ. ಮನುಷ್ಯರಿಗೆ ಗೊತ್ತಾಗದೆ ಇದ್ರೂ ದೀಪಕ್ಕೆ ಗೊತ್ತಾಗತ್ತೆ, ಕೂತಿರೋನು ಯಾರು ಅಂತ" ಎಂದೆ. ನರ್ಸಮ್ಮನವರು ಸುಮ್ಮನಿರಬಾರದೆ, "ಚಿಕ್ಕಮ್ಮನೂ ಇರ್ತಾರಲ್ಲ ಜೊತೆಗೆ?" ಎಂದರು. ಸಭೆಯ ಬಿಸಿಯಲ್ಲಿದ್ದ ನಾನು, "ಅವಳಾ? ಅವಳು ಇರ್ತಾಳೆ, ಸುಮ್ನೆ ಕೂತಿರ್ತಾಳೆ" ಎಂದುಬಿಟ್ಟೆ.

ಮಾನ್ಯರೇ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ದರ್ಜಿಯವರಿಗೆ ಅಂಗಿಗಳನ್ನು ಕೊಟ್ಟು ಬಂದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಮರುದಿನ ಆರೂವರೆಗೆ ನಾನು ದೀಪ ಆರಿಸಲು ಎದ್ದರೆ ಅವಳು ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ತನ್ನ ಗುಂಡಿ ದುಡ್ಡಿನಲ್ಲಿ ತಂದ ಹೊಸ ಬಲ್ಬನ್ನು, ಹಳೆಯದಕ್ಕಿಂತ ಎರಡರಷ್ಟು ದೊಡ್ಡದನ್ನು, ತಾನೇ ಸ್ಟೂಲ್ ಹತ್ತಿ ಹಾಕಿ ಬೆಳಗಿಸಿದ್ದಳು. ಏನಿದು ಎಂದೆ. ನನಗಲ್ಲ, ಸೂಜಿಗೆ ಹೇಳುವಂತೆ, "ಸುಮ್ನೆ ಕೂರೋದೇ ಆದ್ರೆ ಮೆಟ್ಟಿಲೇ ಯಾಕೆ ಬೇಕು? ಒಳಗೂ ಕೂರಬಹುದು" ಎಂದಳು. ನಾನು ಪತ್ರಿಕೆ ಹಿಡಿದು ಒಬ್ಬನೇ ಹೊರಗೆ ಬಂದೆ. ಎರಡು ದಿನದಲ್ಲಿ ಅವಳೇ ಬರುತ್ತಾಳೆ, ಹೆಚ್ಚೆಂದರೆ ಮೂರು, ಎಂದು ಲೆಕ್ಕ ಹಾಕಿದ್ದೆ.

ಅಂದು ತಾವು ನನಗೆ ಮಾಡಿದ ಸತ್ಕಾರವನ್ನು ಈ ಜನ್ಮದಲ್ಲಿ ಮರೆಯಲಾರೆ. ಮುಖಪುಟದ ಮೊದಲ ಸಾಲು ಮುಗಿಯುವಷ್ಟರಲ್ಲಿ ಆರಿದಿರಿ. ಕೈ ಎತ್ತಿದೆ, ಉರಿದಿರಿ. ಎರಡನೆಯ ಸಾಲಿಗೆ ಬಂದೆ, ಆರಿದಿರಿ. ಎಂಜಲು ಕೈಯಲ್ಲಿ ಕಾಗೆ ಓಡಿಸದವನೆಂದು ನನ್ನ ಬಗ್ಗೆ ಬೀಗರೇ ಆಡಿಕೊಳ್ಳುವುದುಂಟು. ಅಂಥವನ ಕೈಯನ್ನು ಎರಡು ಗಂಟೆಯ ಕಾಲ ಬೀಸಿಸಿದ ಕೀರ್ತಿ ಈ ಭೂಮಿಯಲ್ಲಿ ತಮಗೊಬ್ಬರಿಗೇ ಸಲ್ಲಬೇಕು. ಮೆಟ್ಟಿಲ ಕಿಟಕಿಯಿಂದ ಎದುರಿಗೆ ಕಾಣುವ ದರ್ಜಿಯವರು ಮರ್ಯಾದಸ್ಥರು, ನಾನು ಕೈಬೀಸಿದಾಗಲೆಲ್ಲ ಅವರೂ ಬೀಸಿದರು. ಮೂರನೆಯ ದಿನ ಅವರಿಗೆ ತೋಳು ನೋವು ಬಂದಿರಬೇಕು, ಕೆಲಸ ಬಿಟ್ಟು ಮೆಟ್ಟಿಲು ಹತ್ತಿ ಬಂದು, "ಯಜಮಾನ್ರೇ, ದಿನಾ ಕರೀತಿದ್ದೀರಲ್ಲ, ಅಳತೆ ಕೊಡೋದಿತ್ತಾ?" ಎಂದರು. ಹೊಸ ಅಂಗಿ ಹೊಲಿಸಿ ಆರು ವರ್ಷವಾದ ನಾನು ಏನೆಂದು ಹೇಳಲಿ? ವ್ಯಾಯಾಮ ಎಂದೆ.

ನಾಲ್ಕನೆಯ ದಿನ ಬುದ್ಧಿ ಉಪಯೋಗಿಸಿದೆ. ತಮ್ಮ ಮುಂದೆ ಒಂದು ಟವೆಲನ್ನು ದಾರದಲ್ಲಿ ಇಳಿಬಿಟ್ಟೆ. ಗಾಳಿಗೆ ಅದು ಚೆನ್ನಾಗಿಯೇ ಅಲ್ಲಾಡಿತು, ತಾವು ಮಾತ್ರ ಅಲ್ಲಾಡಲಿಲ್ಲ. ವೈರಿಂಗಿನವನನ್ನು ಕೇಳಿದರೆ ಅವನು ನಕ್ಕು, "ಚಿಕ್ಕಪ್ಪ, ಅದಕ್ಕೆ ಬಟ್ಟೆ ಅಲ್ಲಾಡಿದ್ರೆ ಗೊತ್ತಾಗಲ್ಲ, ಬಿಸಿ ಮೈ ಅಲ್ಲಾಡಬೇಕು" ಎಂದ. ಬಿಸಿಯೇ ತಾನೆ ಎಂದು ಬಾಟಲಿಗೆ ಬಿಸಿನೀರು ತುಂಬಿ, ಅದೇ ದಾರಕ್ಕೆ ಕಟ್ಟಿ ತೂಗಿಬಿಟ್ಟೆ. ತಾವು ಸಂತೋಷದಿಂದ ಉರಿದಿರಿ. ಎರಡು ಪುಟ ಓದಿದೆ. ನೀರು ಆರಿತು, ತಾವೂ ಆರಿದಿರಿ. ಮತ್ತೆ ಕಾಯಿಸಿದೆ. ಮೂರನೆಯ ಸಲ ಕಾಯಿಸುವಾಗ, ಒಲೆಯಲ್ಲಿ ಸುಡುತ್ತಿರುವ ಗ್ಯಾಸಿನ ದುಡ್ಡಿನಲ್ಲಿ ಇಡೀ ಮನೆಗೆ ದೀಪ ಹಾಕಬಹುದಿತ್ತೆಂದು ಕುರ್ಚಿಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಕೆಮ್ಮಿನಲ್ಲಿ ಅಷ್ಟೆಲ್ಲ ಹೇಳಬಹುದೇ ಎಂದು ತಾವು ಕೇಳಬಹುದು. ತಮಗೆ ಮದುವೆಯಾಗಿಲ್ಲ.

ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾರದ್ದು ಬೆಕ್ಕಿನ ವಿಷಯ. ಹಿತ್ತಲಿನ ಆ ಬೂದು ಬೆಕ್ಕು ಬಂದು ನನ್ನಿಂದ ಮೂರು ಮೆಟ್ಟಿಲು ಮೇಲೆ ಕೂತು ಮೈ ನೆಕ್ಕಿಕೊಳ್ಳಲು ಶುರುಮಾಡಿದ್ದೇ ತಡ, ತಾವು ಝಗ್ಗನೆ ಉರಿದು, ಅದರ ಬಾಲದ ತುದಿ ತೊಳೆದಾಗುವವರೆಗೂ ಕೈಂಕರ್ಯ ನಡೆಸಿದಿರಿ. ಸಂಘಕ್ಕೆ ಆ ಬೆಕ್ಕು ಇಂದಿನವರೆಗೆ ಒಂದು ಬಿಡಿಗಾಸು ಕೊಟ್ಟಿಲ್ಲ. ಅದು ಹೊರಟುಹೋದ ಮೇಲೆ ಆರಿದಿರಿ. ನಾನು ಅಲ್ಲೇ ಇದ್ದೆ, ಸ್ವಾಮಿ. ಉಸಿರಾಡುತ್ತಿದ್ದೆ.

ಆ ಕತ್ತಲಲ್ಲಿ ಕೈಬೀಸದೆ ಸ್ವಲ್ಪ ಹೊತ್ತು ಕೂತಿದ್ದಾಗ, ಹಳ್ಳಿ ಶಾಲೆಯ ಗಣಿತ ನಿಧಾನವಾಗಿ ಕೆಲಸ ಮಾಡಿತು. ಬೆಕ್ಕು ತನ್ನ ಕೆಲಸ ಮಾಡಿಕೊಳ್ಳುತ್ತಿತ್ತು, ತಾವು ಉರಿದಿರಿ. ಮೊದಲ ಹತ್ತು ದಿನ ನನ್ನ ಕೆಳಗಿನ ಮೆಟ್ಟಿಲಲ್ಲಿ ಎರಡು ಕೈಗಳು ದಾರ ಎಳೆಯುತ್ತಲೇ ಇದ್ದವು, ಗುಂಡಿ ಆರಿಸುತ್ತಲೇ ಇದ್ದವು, ತಾವು ಉರಿಯುತ್ತಲೇ ಇದ್ದಿರಿ. ಕೂತವರಲ್ಲಿ ಅಲುಗಾಡದೆ ಇದ್ದವನು ಯಾರೆಂದು ತಾವು ಬಂದ ಮೊದಲ ಸಂಜೆಯೇ ಕಂಡುಹಿಡಿದಿರಿ. ಹನ್ನೊಂದು ವರ್ಷ ಪಕ್ಕದಲ್ಲೇ ಕೂತ ನನಗೆ ಕಾಣಲಿಲ್ಲ. ಇಷ್ಟು ಚುರುಕು ಕಣ್ಣಿನವರು ಇದನ್ನು ಸಭೆಗೆ ಮುಂಚೆಯೇ ನನ್ನ ಕಿವಿಯಲ್ಲಿ ಹೇಳಬಹುದಿತ್ತಲ್ಲ ಎಂಬುದೇ ತಮ್ಮ ಮೇಲೆ ನನ್ನ ಮುಖ್ಯ ದೂರು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ, ಸಹೃದಯರಾದ ತಾವು ನಡೆಸಿಕೊಡಬೇಕು. ಮನುಷ್ಯನ ಯೋಚನೆಯನ್ನೂ ಒಂದು ಅಲುಗಾಟವೆಂದು ತಾವು ಪರಿಗಣಿಸತಕ್ಕದ್ದು; ಅದು ಕಷ್ಟವಾದರೆ ಕಡೆಯಪಕ್ಷ ಗಟ್ಟಿಯಾಗಿ ಓದುವವನ ತುಟಿಯನ್ನು ಗಮನಕ್ಕೆ ತೆಗೆದುಕೊಳ್ಳತಕ್ಕದ್ದು. ಕಾರ್ಯದರ್ಶಿಗಳು ಎರಡೂ ಕೈಯಲ್ಲಿ ಸಾಮಾನು ಹಿಡಿದು ಮೆಟ್ಟಿಲು ಹತ್ತುವಾಗ ಇಪ್ಪತ್ತೊಂಬತ್ತನೆಯ ಸೆಕೆಂಡಿಗೇ ತಾವು ವಿಶ್ರಾಂತಿ ತೆಗೆದುಕೊಂಡರೆ ನನ್ನ ಆಕ್ಷೇಪಣೆ ಇಲ್ಲ. ಆ ಹತ್ತು ದಿನ ತಾವು ಉರಿದದ್ದು ಯಾರ ಕೈಯಿಂದ ಎಂದು ಒಂದು ದೃಢೀಕರಣ ಪತ್ರ ಬರೆದು, ಎರಡನೇ ಮಹಡಿಯ ಎಡಗಡೆ ಬಾಗಿಲಿನಲ್ಲಿ, ಕಿಟಕಿ ಪಕ್ಕದ ಕುರ್ಚಿಗೆ ತಲುಪಿಸಿದರೆ ದೊಡ್ಡ ಉಪಕಾರ. ನಾನೇ ಹೋಗಿ ಹೇಳಬಹುದಲ್ಲ ಎನ್ನುವಿರೇನೋ. ಹನ್ನೆರಡು ದಿನದಿಂದ ದಿನಾ ಆ ಕುರ್ಚಿಯವರೆಗೆ ಹೋಗಿ ವಾಪಸಾಗುತ್ತಿದ್ದೇನೆ. ಮನುಷ್ಯನಿಗೆ ಎಲ್ಲವನ್ನೂ ಉಳಿಸಿ ಉಳಿಸಿ ಅಭ್ಯಾಸವಾದರೆ ಮಾತನ್ನು ಖರ್ಚು ಮಾಡಲೂ ಕೈ ಬರುವುದಿಲ್ಲ.

ಅವಳು ಮತ್ತೆ ನಾಲ್ಕನೇ ಮೆಟ್ಟಿಲಿಗೆ ಬರುವವಳಲ್ಲ, ಅದು ನನಗೆ ಗೊತ್ತಾಗಿದೆ. ನಾನು ಒಳಗೆ ಹೋಗಬೇಕು. ಆದರೆ ಒಳಗೆ ದೀಪ ಉರಿಸುವವರನ್ನು ಹನ್ನೊಂದು ವರ್ಷ ಇಡೀ ಕಟ್ಟಡದೆದುರು ಆಡಿಕೊಂಡವನು ಯಾವ ಮುಖ ಹೊತ್ತು ಆ ಬಲ್ಬಿನ ಕೆಳಗೆ ಕೂರಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹಾಗಾಗಿ ನನ್ನ ಕೊನೆಯ ವಿನಂತಿ ಇದು: ತಾವು ದಯವಿಟ್ಟು ಒಂದು ಸಂಜೆ ಸಂಪೂರ್ಣ ಕೆಟ್ಟುಹೋಗಿರಿ. ಕೈಬೀಸಿದರೂ, ಕುಣಿದರೂ, ಬೆಕ್ಕು ತನ್ನ ಬಂಧುಬಳಗದೊಂದಿಗೆ ಬಂದರೂ ಉರಿಯಬೇಡಿರಿ. ದೀಪವೇ ಇಲ್ಲ ನಾನೇನು ಮಾಡಲಿ ಎಂದು ಗೊಣಗಿಕೊಂಡು ನಾನು ಒಳಗೆ ನಡೆಯುತ್ತೇನೆ. ತಪ್ಪು ತಮ್ಮದೆಂದು ಊರೆಲ್ಲ ಹೇಳುತ್ತೇನೆ, ತಾವು ಬೇಸರಿಸಬಾರದು.

ಗೋಂದು ದುಬಾರಿಯಾದ್ದರಿಂದ ಈ ಪತ್ರವನ್ನು ಅನ್ನದ ಅಗುಳಿನಲ್ಲಿ ತಮ್ಮ ಕೆಳಗಿನ ಗೋಡೆಗೆ ಅಂಟಿಸಿದ್ದೇನೆ. ಹಾದುಹೋಗುವವರು ಯಾರು ಬೇಕಾದರೂ ಓದಬಹುದು. ಮೂವತ್ತು ಸೆಕೆಂಡಿಗೊಮ್ಮೆ ಕೈಬೀಸಿಕೊಳ್ಳತಕ್ಕದ್ದು.

ತಮ್ಮ ಅರೆಬೆಳಕಿನಲ್ಲಿ ಕಾದಿರುವ,
ತಮ್ಮ ವಿಶ್ವಾಸಿ,
ಐದನೇ ಮೆಟ್ಟಿಲಿನ ಚಿಕ್ಕಪ್ಪ

ಮರೆತ ಮಾತು: ಇದು ಮರುದಿನ ಅಂಚಿನಲ್ಲಿ ಪೆನ್ಸಿಲಿನಿಂದ ಸೇರಿಸಿದ್ದು. ತಾವು ಕೆಟ್ಟುಹೋಗಲಿಲ್ಲ, ತಮ್ಮಿಂದ ಅಷ್ಟು ಉಪಕಾರವನ್ನೂ ನಾನು ನಿರೀಕ್ಷಿಸಬಾರದಿತ್ತು. ಮನೆಯವಳು ದರ್ಜಿಯವರಲ್ಲಿಗೆ ಹೋಗುವಾಗ ಒಮ್ಮೆ ಓದಿದಳು, ಬರುವಾಗ ಇನ್ನೊಮ್ಮೆ ಓದಿದಳು, ಬಾಗಿಲು ತೆರೆದಿಟ್ಟು, "ಇಷ್ಟುದ್ದ ಬರೆಯೋಕೆ ಎಷ್ಟು ಶಾಯಿ ಹೋಯ್ತೋ. ಬಾಯಲ್ಲಿ ಹೇಳಿದ್ರೆ ಉಳೀತಿತ್ತು" ಎಂದಳು. ಬಾಯಲ್ಲೂ ಹೇಳಿದೆ. ಆಮೇಲೆ ನನಗೊಂದು ಸ್ಟೂಲು, ಒಂದು ಸೂಜಿ ಮತ್ತು ಒಂದು ಅಂಗಿ ಸಿಕ್ಕಿತು. ಬಲ್ಬಿನ ಕೆಳಗೆ ಕೂತು ಹನ್ನೊಂದು ಗುಂಡಿ ಹೊಲಿದೆ, ಅವಳು ಅದರಲ್ಲಿ ಒಂಬತ್ತನ್ನು ಬಿಚ್ಚಿ ಹೊಲಿದಳು. ಉಳಿದೆರಡು ಅವಳ ಕಣ್ಣು ತಪ್ಪಿ ಹಾಗೆಯೇ ಹೋಗಿವೆ. ಅಂಗಿ ಕಾರ್ಯದರ್ಶಿಗಳದ್ದು, ಗುಂಡಿಗಳು ಹೊಟ್ಟೆಯ ಭಾಗದವು. ಅವು ಉದುರುವ ಹೊತ್ತಿಗೆ ತಾವು ಆರದೆ ಚೆನ್ನಾಗಿ ಉರಿಯುತ್ತಿರಬೇಕೆಂದು ಕೋರುತ್ತೇನೆ.